ಎಲೆಯ ನಿಲುವು ನೋಡಿ ಗಿಡದ ಅಂತರ ನಿರ್ಧರಿಸಿ

ಗೊಬ್ಬರ ಹಾಕಿದ್ದಾಯಿತು, ನೀರೂ ತಪ್ಪಿಸಿಲ್ಲ. ಆದರೂ ಪಾತಿಯ ಬದನೆ ಗಿಡಗಳು ಸಣಕಲಾಗಿ ಉದ್ದಕ್ಕೆ ಏರುತ್ತವೆ. ಕೆಳಗಿನ ಎಲೆ ಹಳದಿ ತಿರುಗಿ ಉದುರುತ್ತದೆ, ಕಾಯಿ ನೋಡಿದರೆ ತುದಿಯಲ್ಲಿ ಒಂದೆರಡು ಮಾತ್ರ. ತಾರಸಿಯ ಮೇಲೆ ಹತ್ತು ಕುಂಡ ಇಟ್ಟವರಿಂದ ಹಿಡಿದು ನಾಲ್ಕು ಎಕರೆ ಮೆಕ್ಕೆಜೋಳ ಬಿತ್ತಿದವರವರೆಗೆ ಈ ದೂರು ಹೇಳದವರು ಕಡಿಮೆ. ಮೊದಲ ಗುಮಾನಿ ಗೊಬ್ಬರದ ಮೇಲೆ, ನಂತರದ್ದು ಬೀಜದ ಮೇಲೆ. ಬಹಳ ಸಲ ತಪ್ಪು ಎರಡರದ್ದೂ ಅಲ್ಲ. ಮೇಲಿನ ಎಲೆಗಳು ಕೆಳಗಿನ ಎಲೆಗಳ ಬಿಸಿಲನ್ನು ಕಿತ್ತುಕೊಳ್ಳುತ್ತಿರುತ್ತವೆ, ಅಷ್ಟೇ.

ಎಲೆ ಕಾಂಡದ ಮೇಲೆ ಎಲ್ಲಿ ಹುಟ್ಟುತ್ತದೆ, ಎಷ್ಟು ಓರೆಯಾಗಿ ನಿಲ್ಲುತ್ತದೆ ಎನ್ನುವ ಎರಡು ಸಂಗತಿಗಳನ್ನು ಗಮನಿಸಿದರೆ ಗಿಡದಿಂದ ಗಿಡಕ್ಕೆ ಎಷ್ಟು ಅಂತರ ಬೇಕು, ಎಲ್ಲಿ ಚಿವುಟಬೇಕು, ಯಾವುದರ ಪಕ್ಕ ಯಾವುದನ್ನು ಹಾಕಬೇಕು ಎಂಬ ಪ್ರಶ್ನೆಗಳಿಗೆ ಗಿಡವೇ ಉತ್ತರ ಕೊಡುತ್ತದೆ. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಒಂದು ಮೀಟರ್ ಕೋಲು, ಶಾಲೆಯ ಕೋನಮಾಪಕ ಇದ್ದರೆ ಸಾಕು.

ಹಿನ್ನೆಲೆ

ಎಲೆಗಳು ಕಾಂಡದ ಸುತ್ತ ಲೆಕ್ಕಾಚಾರದಿಂದ ಜೋಡಣೆಯಾಗಿವೆ ಎಂಬುದನ್ನು ಜಿನೀವಾದ ನಿಸರ್ಗ ವಿಜ್ಞಾನಿ ಶಾರ್ಲ್ ಬೊನೆ 1754ರಲ್ಲೇ ಪುಸ್ತಕವೊಂದರಲ್ಲಿ ವಿವರಿಸಿದ್ದರು. ಬೆಳೆಯ ಎಲೆಗಳ ನಡುವೆ ಬೆಳಕು ಹೇಗೆ ಇಳಿಯುತ್ತದೆ ಎಂಬುದಕ್ಕೆ ಸೂತ್ರ ಕೊಟ್ಟವರು ಜಪಾನಿನ ಮೊನ್ಸಿ ಮತ್ತು ಸಾಯೆಕಿ, 1953ರಲ್ಲಿ. ಈ ಅರಿವು ಊಟದ ತಟ್ಟೆಯವರೆಗೂ ಬಂದಿದೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಬಿಡುಗಡೆ ಮಾಡಿದ ಐಆರ್-8 ತಳಿ ಗಿಡ್ಡ ಮತ್ತು ಗಟ್ಟಿ ಕಾಂಡಕ್ಕೆ ಹೆಸರಾಯಿತು. ಅದರ ಇನ್ನೊಂದು ಗುಣ ನೆಟ್ಟಗೆ ನಿಲ್ಲುವ ಎಲೆ. ಹಳೆಯ ಎತ್ತರದ ತಳಿಗಳ ಜೋಲು ಎಲೆಗಳಿಗಿಂತ ಅದರ ನಡುವೆ ಹೆಚ್ಚು ಬಿಸಿಲು ಇಳಿಯುತ್ತಿತ್ತು.

ಎಲೆ ಹುಟ್ಟುವ ಮೂರು ಬಗೆ

ಕಾಂಡದ ಮೇಲೆ ಎಲೆ ಹುಟ್ಟುವ ಜಾಗವೇ ಗೆಣ್ಣು. ಒಂದು ಗೆಣ್ಣಿನಲ್ಲಿ ಎಷ್ಟು ಎಲೆ ಇವೆ ಎಂದು ಎಣಿಸಿದರೆ ಗಿಡದ ಬಗೆ ತಿಳಿಯುತ್ತದೆ.

1. ಪರ್ಯಾಯ ಜೋಡಣೆ: ಗೆಣ್ಣಿಗೆ ಒಂದೇ ಎಲೆ. ದಾಸವಾಳ, ಮಾವು, ಹಲಸು, ಗುಲಾಬಿ, ಸೇವಂತಿಗೆ ಈ ಗುಂಪಿನವು. ಇಲ್ಲಿ ಎಲೆಗಳು ಸಾಮಾನ್ಯವಾಗಿ ಕಾಂಡವನ್ನು ಸುತ್ತುತ್ತ ಮೇಲೇರುತ್ತವೆ.

2. ಅಭಿಮುಖ ಜೋಡಣೆ: ಗೆಣ್ಣಿಗೆ ಎರಡು ಎಲೆ, ಎದುರುಬದುರು. ತುಳಸಿ, ಎಕ್ಕ, ಸೀಬೆ, ಕಾಫಿ ಇದಕ್ಕೆ ಉದಾಹರಣೆ. ತುಳಸಿಯ ಒಂದು ಜೋಡಿ ಪೂರ್ವ–ಪಶ್ಚಿಮಕ್ಕಿದ್ದರೆ ಅದರ ಮೇಲಿನ ಜೋಡಿ ಉತ್ತರ–ದಕ್ಷಿಣಕ್ಕೆ ತಿರುಗಿರುತ್ತದೆ. ಮೇಲಿನಿಂದ ನೋಡಿದರೆ ಕೂಡಿಸುವ ಚಿಹ್ನೆಯ ಆಕಾರ.

3. ಸುತ್ತು ಜೋಡಣೆ: ಗೆಣ್ಣಿಗೆ ಮೂರು ಅಥವಾ ಹೆಚ್ಚು ಎಲೆ. ಕಣಗಿಲೆಯಲ್ಲಿ ಸಾಮಾನ್ಯವಾಗಿ ಮೂರು, ಹಾಲೆ ಮರದಲ್ಲಿ ಅದಕ್ಕಿಂತ ಹೆಚ್ಚು.

ಪರ್ಯಾಯ ಜೋಡಣೆಯಲ್ಲೂ ಒಳಬಗೆಗಳಿವೆ. ಭತ್ತ, ರಾಗಿ, ಜೋಳ, ಮೆಕ್ಕೆಜೋಳದಲ್ಲಿ ಎಲೆಗಳು ಎರಡೇ ಸಾಲಿನಲ್ಲಿ, ಒಂದು ಈ ಕಡೆ, ಮುಂದಿನದು ಸರಿಯಾಗಿ ಎದುರು ಕಡೆ, ಅಂದರೆ 180 ಡಿಗ್ರಿಗೆ ಹುಟ್ಟುತ್ತವೆ. ಶುಂಠಿ, ಅರಿಸಿನ, ಏಲಕ್ಕಿಯಲ್ಲೂ ಹೀಗೆಯೇ. ಸುರುಳಿಯಾಗಿ ಏರುವ ಬಹುತೇಕ ಗಿಡಗಳಲ್ಲಿ ಒಂದು ಎಲೆಯಿಂದ ಮುಂದಿನದಕ್ಕೆ ಇರುವ ತಿರುವು ಸುಮಾರು 137.5 ಡಿಗ್ರಿ. ಈ ತಿರುವಿನಲ್ಲಿ ಒಂದು ಎಲೆಯ ನೇರ ಮೇಲೆ ಇನ್ನೊಂದು ಬೀಳುವುದಿಲ್ಲ. ಬೆಳೆಯುವ ಕುಡಿಯಲ್ಲಿ ಹೊಸ ಎಲೆ ಹುಟ್ಟುವಾಗ ಈಗಾಗಲೇ ಇರುವ ಎಲೆಗಳಿಂದ ಆದಷ್ಟು ದೂರದ ಜಾಗದಲ್ಲಿ ಮೊಳೆಯುತ್ತದೆ. ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನು ಎಲ್ಲಿ ಶೇಖರವಾಗುತ್ತದೋ ಅಲ್ಲಿ ಎಲೆ ಮೂಡುತ್ತದೆ.

ಈ ಎಣಿಕೆಯ ಒಂದು ತಕ್ಷಣದ ಉಪಯೋಗ ಭತ್ತದ ಗದ್ದೆಯಲ್ಲಿದೆ. ಹುಲ್ಲಿನ ಜಾತಿಯ ಕಳೆಗೆ ಎಲೆ ಎರಡು ಸಾಲು. ಜೇಕು, ಕೊನ್ನಾರಿಯಂಥ ಕಳೆಗೆ ಮೂರು ಸಾಲು, ಎಲೆಯಿಂದ ಎಲೆಗೆ 120 ಡಿಗ್ರಿ. ಕಾಂಡವನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ತಗಲುತ್ತದೆ. ಹುಲ್ಲಿಗೆ ಹಾಕುವ ಕಳೆನಾಶಕ ಕೊನ್ನಾರಿಗೆ ನಾಟುವುದಿಲ್ಲ ಎಂದು ಅಂಗಡಿಯವರೊಡನೆ ಜಗಳ ಆಡುವ ಮುನ್ನ ಈ ಪರೀಕ್ಷೆ ಮಾಡಿ. ಕಳೆ ಯಾವ ಗುಂಪಿನದು ಎಂದು ಗೊತ್ತಾದರೆ ಔಷಧದ ಆಯ್ಕೆಯೂ ಸರಿಯಾಗುತ್ತದೆ.

ಓರೆ ಎಲೆ, ಚಪ್ಪಟೆ ಎಲೆ

ಎಲೆಯ ಕೋನವನ್ನು ಇಲ್ಲಿ ನೆಲದ ಮಟ್ಟದಿಂದ ಅಳೆಯೋಣ. ನೆಲಕ್ಕೆ ಸಮಾನಾಂತರವಾಗಿ ಚಪ್ಪಟೆಯಾಗಿ ಹರಡಿದ ಎಲೆಗೆ 0 ಡಿಗ್ರಿ, ನೇರ ನಿಂತದ್ದಕ್ಕೆ 90 ಡಿಗ್ರಿ. ಕುಂಬಳ, ಬಸಳೆ, ದಾಸವಾಳದ ಎಲೆ ಚಪ್ಪಟೆಯ ಕಡೆಗಿದ್ದರೆ, ಈರುಳ್ಳಿ, ಮಜ್ಜಿಗೆ ಹುಲ್ಲು, ಹೊಸ ಭತ್ತದ ತಳಿಗಳ ಎಲೆ ನೆಟ್ಟಗಿರುತ್ತದೆ.

ನೆತ್ತಿಯ ಮೇಲೆ ಸೂರ್ಯ ಇರುವಾಗ 60 ಡಿಗ್ರಿ ಓರೆಯಾದ ಎಲೆ ತನ್ನ ಉದ್ದದ ಅರ್ಧದಷ್ಟು ನೆಲಕ್ಕೆ ಮಾತ್ರ ನೆರಳು ಹಾಕುತ್ತದೆ. ಉಳಿದ ಬೆಳಕು ಕೆಳಗಿನ ಎಲೆಗೆ ಇಳಿಯುತ್ತದೆ. ಮೇಲಿನ ಎಲೆಗೆ ಇದರಿಂದ ದೊಡ್ಡ ನಷ್ಟವೂ ಇಲ್ಲ. ಭತ್ತ, ಟೊಮೆಟೊ, ಅವರೆಯಂಥ ಗಿಡಗಳ ಒಂದು ಎಲೆ ಮಧ್ಯಾಹ್ನದ ಪೂರ್ಣ ಬಿಸಿಲನ್ನು ಬಳಸಿಕೊಳ್ಳಲಾರದು. ಅದರ ಅರ್ಧದಷ್ಟು ಬೆಳಕಿನಲ್ಲೇ ಅದು ಆಹಾರ ತಯಾರಿಕೆಯ ತನ್ನ ಗರಿಷ್ಠ ವೇಗವನ್ನು ಸಮೀಪಿಸುತ್ತದೆ. ಮೇಲಿನದಕ್ಕೆ ಹೆಚ್ಚಾದದ್ದು ಕೆಳಗಿನ ಎಲೆಗಳಿಗೆ ಸಿಕ್ಕರೆ ಇಡೀ ಗಿಡಕ್ಕೆ ಲಾಭ.

ಮೊನ್ಸಿ–ಸಾಯೆಕಿ ಸೂತ್ರದ ಪ್ರಕಾರ ಲೆಕ್ಕ ಹಾಕಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಒಟ್ಟು ಮೂರು ಚದರ ಮೀಟರ್ ಎಲೆ ಇದೆ ಎಂದಿಟ್ಟುಕೊಳ್ಳಿ. ಎಲೆಗಳು ನೆಟ್ಟಗಿದ್ದರೆ ನೆಲದವರೆಗೆ ಶೇ 30ರಷ್ಟು ಬೆಳಕು ಇಳಿಯುತ್ತದೆ. ಚಪ್ಪಟೆಯಾಗಿ ಹರಡಿದ್ದರೆ ಇಳಿಯುವುದು ಶೇ 9ರಷ್ಟು ಮಾತ್ರ. ಹೀಗಾಗಿಯೇ ನೆಟ್ಟಗಿನ ಎಲೆಯ ಬೆಳೆಯನ್ನು ಹತ್ತಿರ ಹತ್ತಿರ ಹಾಕಬಹುದು, ಹರಡುವ ಎಲೆಯ ಬೆಳೆಗೆ ಜಾಗ ಬಿಡಲೇಬೇಕು.

ಹಾಗೆಂದು ಚಪ್ಪಟೆ ಎಲೆ ಕೀಳಲ್ಲ. ಸಸಿ ಚಿಕ್ಕದಿದ್ದು ನೆಲ ಬಯಲಾಗಿರುವಾಗ, ನೆರಳಿನ ಜಾಗದಲ್ಲಿ, ಮೋಡದ ದಿನಗಳಲ್ಲಿ, ಸಿಕ್ಕಷ್ಟು ಬೆಳಕನ್ನು ಬಾಚಿಕೊಳ್ಳಲು ಅದೇ ಒಳ್ಳೆಯದು.

ಅಳೆಯುವುದು ಹೇಗೆ?

*ಎಲೆಯ ಕೋನ:*

1. ಕೋನಮಾಪಕದ ಮಧ್ಯಬಿಂದುವಿಗೆ ದಾರ ಕಟ್ಟಿ, ತುದಿಗೆ ಸಣ್ಣ ಭಾರ ತೂಗುಹಾಕಿ. ದಾರ ಯಾವಾಗಲೂ ನೇರ ಕೆಳಕ್ಕೆ ತೂಗುತ್ತದೆ.
2. ಬೆಳಿಗ್ಗೆ 8ರಿಂದ 10ರೊಳಗೆ, ಗಾಳಿ ಇಲ್ಲದಾಗ ಅಳೆಯಿರಿ. ಮಧ್ಯಾಹ್ನದ ಬಿಸಿಲಿಗೆ ಎಲೆಗಳು ಬಾಗಿರುತ್ತವೆ.
3. ಗಿಡದ ನಡು ಎತ್ತರದ ಪೂರ್ಣ ಬಲಿತ ಎಲೆ ಆರಿಸಿ. ಕೋನಮಾಪಕದ ನೇರ ಅಂಚನ್ನು ಎಲೆಯ ನಡುನರಕ್ಕೆ ಸಮನಾಗಿ ಹಿಡಿಯಿರಿ.
4. ದಾರವು 90ರ ಗುರುತಿನಿಂದ ಎಷ್ಟು ಡಿಗ್ರಿ ಸರಿದಿದೆಯೋ ಅದೇ ಎಲೆಯ ಕೋನ.
5. ಹತ್ತು ಗಿಡಗಳಲ್ಲಿ ಹೀಗೆ ನೋಡಿ ಸರಾಸರಿ ತೆಗೆಯಿರಿ. ಮೊಬೈಲಿನ ಕೋನ ಅಳೆಯುವ ಆ್ಯಪ್ ಬಳಸಿದರೂ ನಡೆಯುತ್ತದೆ.

*ನೆಲಕ್ಕೆ ಇಳಿಯುವ ಬೆಳಕು:*

1. ಒಂದು ಮೀಟರ್ ಉದ್ದದ ಕೋಲಿಗೆ 10 ಸೆಂ.ಮೀ.ಗೊಂದರಂತೆ ಗುರುತು ಹಾಕಿ.
2. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಹೋಗಿ. ಕರ್ನಾಟಕದಲ್ಲಿ ಅದು ಗಡಿಯಾರದ 12ಕ್ಕಲ್ಲ, ಸುಮಾರು ಹನ್ನೆರಡೂಕಾಲರಿಂದ ಹನ್ನೆರಡೂವರೆಗೆ.
3. ಕೋಲನ್ನು ಸಾಲಿಗೆ ಅಡ್ಡಲಾಗಿ ಬೆಳೆಯ ಕೆಳಗೆ ನೆಲದ ಮೇಲಿಡಿ.
4. ಒಟ್ಟು ಎಷ್ಟು ಸೆಂ.ಮೀ. ಉದ್ದಕ್ಕೆ ಬಿಸಿಲು ಬಿದ್ದಿದೆ ಎಂದು ಕೂಡಿಸಿ. ಬಿಸಿಲಿನ ಮಚ್ಚೆಗಳು 30 ಸೆಂ.ಮೀ. ಆವರಿಸಿದ್ದರೆ ಶೇ 30ರಷ್ಟು ಬೆಳಕು ಕೆಳಕ್ಕಿಳಿಯುತ್ತಿದೆ ಎಂದರ್ಥ.
5. ಐದಾರು ಕಡೆ ನೋಡಿ ಸರಾಸರಿ ಬರೆದಿಡಿ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಬೆಳೆ ಯಾವಾಗ ನೆಲ ಮುಚ್ಚಿತು ಎಂಬುದು ದಾಖಲೆಯಾಗುತ್ತದೆ.

ತಿಳಿದದ್ದನ್ನು ಬಳಸುವ ಬಗೆ

1. ಅಂತರ. ಮೆಕ್ಕೆಜೋಳವನ್ನು 60 × 30 ಸೆಂ.ಮೀ. ಅಂತರದಲ್ಲಿ ಹಾಕಿದರೆ ಹೆಕ್ಟೇರಿಗೆ 55 ಸಾವಿರಕ್ಕೂ ಸ್ವಲ್ಪ ಹೆಚ್ಚು ಗಿಡ ಹಿಡಿಯುತ್ತದೆ. 60 × 20ಕ್ಕೆ ಇಳಿಸಿದರೆ ಅದು 83 ಸಾವಿರ ದಾಟುತ್ತದೆ. ಎಲೆ ನೆಟ್ಟಗಿರುವ ಹೈಬ್ರಿಡ್‌ಗೆ ಈ ಒತ್ತಣೆ ತಡೆಯುತ್ತದೆ. ಎಲೆ ಬಾಗಿ ಹರಡುವ ತಳಿಗೆ ಇದೇ ಅಂತರ ಕೊಟ್ಟರೆ ತೆನೆ ಸಣ್ಣದಾಗುತ್ತದೆ, ಕೆಲವು ಗಿಡಕ್ಕೆ ತೆನೆಯೇ ಬಿಡದು. ಬೀಜದ ಪ್ಯಾಕೆಟ್ಟಿನಲ್ಲಿ ಸೂಚಿಸಿದ ಅಂತರವನ್ನು ಆ ತಳಿಗೆ ಮಾತ್ರ ಬಳಸಿ. ಪಕ್ಕದ ಹೊಲದ ಅಳತೆಯನ್ನು ನೋಡಿ ಬದಲಿಸಬೇಡಿ.

ಕುಂಡದ ಗಿಡಗಳಿಗೆ ಸರಳ ಸೂತ್ರವಿದೆ. ಬಲಿತ ಗಿಡದ ಎಲೆಯ ಹರವು ಎಷ್ಟಿರುತ್ತದೆ ಎಂದು ತಿಳಿದುಕೊಂಡು, ಹರಡುವ ಎಲೆಯ ಗಿಡವಾದರೆ ಅಷ್ಟೇ ಅಂತರ ಬಿಡಿ. ನೆಟ್ಟಗಿನ ಎಲೆಯ ಗಿಡಗಳ ಹರವು ಒಂದರೊಳಗೊಂದು ಸ್ವಲ್ಪ ಸೇರಿದರೂ ನಡೆಯುತ್ತದೆ.

2. ಸಸಿಮಡಿಯ ಸೂಚನೆ. ಒತ್ತಾಗಿರುವ ಸಸಿಗಳು ಪಕ್ಕದ ಎಲೆಯಿಂದ ಚಿಮ್ಮುವ ದೂರ-ಕೆಂಪು ಬೆಳಕನ್ನು ಗುರುತಿಸುತ್ತವೆ. ನಿಜವಾದ ನೆರಳು ಬೀಳುವುದಕ್ಕೂ ಮೊದಲೇ ಎಲೆಯನ್ನು ಮೇಲಕ್ಕೆತ್ತಿ, ಕಾಂಡ ಉದ್ದ ಮಾಡಲು ತೊಡಗುತ್ತವೆ. ಟೊಮೆಟೊ, ಮೆಣಸಿನ ಮಡಿಯಲ್ಲಿ ಎಲೆಗಳು ಮೇಲೆದ್ದು ಗೆಣ್ಣುಗಳ ನಡುವಿನ ಅಂತರ ಹೆಚ್ಚುತ್ತಿದ್ದರೆ ಕೂಡಲೇ ತೆಳುಗೊಳಿಸಿ. ವಾರ ಕಳೆದರೆ ಕಾಂಡ ಸಪೂರವಾಗಿ, ನಾಟಿ ಮಾಡಿದಾಗ ಮಗುಚಿ ಬೀಳುತ್ತದೆ.

3. ಸಾಲಿನ ದಿಕ್ಕು. ಸಮತಟ್ಟಾದ ನೆಲದಲ್ಲಿ ಉತ್ತರ–ದಕ್ಷಿಣ ಸಾಲಿಗೆ ಬೆಳಿಗ್ಗೆ ಒಂದು ಮಗ್ಗುಲಿಗೆ, ಸಂಜೆ ಇನ್ನೊಂದು ಮಗ್ಗುಲಿಗೆ ಬಿಸಿಲು ಸಿಗುತ್ತದೆ. ಚಪ್ಪರದ ಬಳ್ಳಿಗಳಿಗೂ ಎತ್ತರದ ಬೆಳೆಗಳಿಗೂ ಇದು ಅನುಕೂಲ.

ತಾರಸಿಯಲ್ಲಿ ಋತುವನ್ನೂ ಗಮನಿಸಬೇಕು. ಬೆಂಗಳೂರಿನಲ್ಲಿ ಡಿಸೆಂಬರ್ 21ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ, ದಿಗಂತದಿಂದ 53–54 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಒಂದು ಮೀಟರ್ ಎತ್ತರದ ಗಿಡದ ನೆರಳು ಉತ್ತರಕ್ಕೆ ಸುಮಾರು ಮುಕ್ಕಾಲು ಮೀಟರ್ ಚಾಚುತ್ತದೆ. ಜೂನ್ 21ರ ಸುಮಾರಿಗೆ ಅದೇ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸುಮಾರು 10 ಡಿಗ್ರಿ ಸರಿದಿರುತ್ತಾನೆ. ಚಳಿಗಾಲದ ತರಕಾರಿಗೆ ಎತ್ತರದ ಕುಂಡಗಳನ್ನು ಉತ್ತರದ ಅಂಚಿನಲ್ಲಿಡಿ. ಉತ್ತರದ ಬಾಲ್ಕನಿ ಯಾವಾಗಲೂ ನೆರಳು ಎಂದು ಭಾವಿಸಿ ಬಿಸಿಲು ಸಹಿಸದ ಗಿಡ ಇಟ್ಟವರು ಮೇ–ಜುಲೈನಲ್ಲಿ ಎಲೆ ಸುಟ್ಟದ್ದನ್ನು ಕಂಡು ಕಂಗಾಲಾಗುತ್ತಾರೆ. ಆ ತಿಂಗಳುಗಳಲ್ಲಿ ಅವುಗಳನ್ನು ಒಳಗೆ ಸರಿಸಿ.

4. ಜೊತೆ ಬೆಳೆ. ಹಳೆ ಮೈಸೂರು ಸೀಮೆಯ ಅಕ್ಕಡಿ ಸಾಲಿನ ಹಿಂದೆ ಇದೇ ತಿಳಿವಳಿಕೆ ಇದೆ. ರಾಗಿಯ ಎಲೆ ಸಪೂರ, ಓರೆ. ಜೊತೆಗೆ ಹಾಕುವ ತೊಗರಿ ಮೊದಲ ತಿಂಗಳುಗಳಲ್ಲಿ ನಿಧಾನ ಬೆಳೆದು, ರಾಗಿ ಕೊಯ್ದ ಮೇಲೆ ಕೊಂಬೆ ಹರಡುತ್ತದೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕುವ ಪದ್ಧತಿ ಇದಕ್ಕೆ ಹೊಂದುತ್ತದೆ. ಆಯ್ಕೆ ಮಾಡುವಾಗ ಮೇಲಿನ ಬೆಳೆಗೆ ನೆಟ್ಟಗಿನ ಎಲೆ, ಕೆಳಗಿನದಕ್ಕೆ ಹರಡುವ ಎಲೆ ಇರಲಿ. ಮೆಕ್ಕೆಜೋಳದ ನಡುವೆ ಅಲಸಂದೆ ಒಪ್ಪುತ್ತದೆ. ಕುಂಬಳದ ಬಳ್ಳಿಯಡಿ ಕೊತ್ತಂಬರಿ ಹಾಕಿದರೆ ಕೊತ್ತಂಬರಿ ಏಳುವುದಿಲ್ಲ.

ತೆಂಗಿನ ತೋಟದ ನೆರಳು ಮರದ ವಯಸ್ಸಿನೊಡನೆ ಬದಲಾಗುತ್ತದೆ. ಮೊದಲ ಎಂಟು ವರ್ಷ ಸಾಲುಗಳ ನಡುವೆ ಬಿಸಿಲು ಧಾರಾಳ. ಸುಮಾರು 8ರಿಂದ 25 ವರ್ಷದವರೆಗೆ ಗರಿಗಳು ತಗ್ಗಿನಲ್ಲೇ ಹರಡಿ ನೆಲಕ್ಕೆ ಬೆಳಕು ಕಡಿಮೆ. ಆಮೇಲೆ ಮರ ಎತ್ತರಕ್ಕೇರಿದಂತೆ ಓರೆ ಬಿಸಿಲು ಮತ್ತೆ ಒಳನುಗ್ಗುತ್ತದೆ. ಕೊಕ್ಕೊ, ಕಾಳುಮೆಣಸು, ಬಾಳೆಯನ್ನು ಯಾವ ಹಂತದಲ್ಲಿ ಸೇರಿಸಬೇಕು ಎಂಬುದಕ್ಕೆ ಮೇಲೆ ಹೇಳಿದ ಮೀಟರ್ ಕೋಲೇ ಉತ್ತರ ಕೊಡುತ್ತದೆ.

5. ಚಿವುಟುವುದು, ಸವರುವುದು. ಪ್ರತಿ ಎಲೆಯ ಕಂಕುಳಲ್ಲಿ ಒಂದು ಕಣ್ಣು ಮಲಗಿರುತ್ತದೆ. ತುದಿಯ ಕುಡಿ ಇರುವವರೆಗೆ ಅದರಿಂದ ಇಳಿಯುವ ಆಕ್ಸಿನ್ ಕೆಳಗಿನ ಕಣ್ಣುಗಳನ್ನು ತಡೆದಿಡುತ್ತದೆ. ಕುಡಿ ತೆಗೆದರೆ ಕಣ್ಣು ಚಿಗುರುತ್ತದೆ. ಎಲೆ ಎಲ್ಲೆಲ್ಲಿದೆಯೋ ಕೊಂಬೆ ಅಲ್ಲಲ್ಲೇ ಬರಬೇಕು. ಹಾಗಾಗಿ ಎಲೆಯ ಜೋಡಣೆ ನೋಡಿದರೆ ನಾಳೆಯ ಗಿಡದ ಆಕಾರ ಇಂದೇ ಕಾಣುತ್ತದೆ.

- *ತುಳಸಿ, ಮಲ್ಲಿಗೆ:* ಒಂದು ಜೋಡಿ ಎಲೆಯ ಸ್ವಲ್ಪ ಮೇಲೆ ಚಿವುಟಿ. ಎರಡು ಕುಡಿ ಏಳುತ್ತವೆ. ಅವು ಮೂರ್ನಾಲ್ಕು ಜೋಡಿ ಎಲೆ ಬಿಟ್ಟ ಮೇಲೆ ಮತ್ತೆ ಚಿವುಟಿದರೆ ನಾಲ್ಕು. ಎರಡೇ ಸುತ್ತಿನಲ್ಲಿ ಗಿಡ ತುಂಬಿಕೊಳ್ಳುತ್ತದೆ.
- *ಗುಲಾಬಿ:* ಗಿಡದ ಹೊರಮೈಗೆ ಮುಖ ಮಾಡಿದ ಕಣ್ಣು ಆರಿಸಿ, ಅದರ ಅರ್ಧ ಸೆಂ.ಮೀ. ಮೇಲೆ ಓರೆಯಾಗಿ ಕತ್ತರಿಸಿ. ಕಡಿತದ ಇಳಿಜಾರು ಕಣ್ಣಿನ ವಿರುದ್ಧ ದಿಕ್ಕಿಗಿರಲಿ, ನೀರು ಕಣ್ಣಿನ ಮೇಲೆ ನಿಲ್ಲಬಾರದು. ಒಳಮುಖದ ಕಣ್ಣಿನ ಮೇಲೆ ಕತ್ತರಿಸಿದರೆ ಹೊಸ ಕೊಂಬೆ ನಡುವಿಗೆ ನುಗ್ಗಿ ಗಾಳಿ, ಬೆಳಕು ಎರಡನ್ನೂ ಕಟ್ಟುತ್ತದೆ.
- *ಸೇವಂತಿಗೆ:* ನೆಟ್ಟ ನಾಲ್ಕು ವಾರದ ಸುಮಾರಿಗೆ ತುದಿ ಚಿವುಟಿ. ಸುರುಳಿ ಜೋಡಣೆಯಾದ್ದರಿಂದ ಕುಡಿಗಳು ಎಲ್ಲ ದಿಕ್ಕಿಗೂ ಹಂಚಿಕೆಯಾಗಿ ಬರುತ್ತವೆ.
- *ಕಣಗಿಲೆ:* ಒಂದು ಕಡಿತಕ್ಕೆ ಮೂರು ಕೊಂಬೆ ಬರಬಹುದು. ಅಷ್ಟೂ ಬೇಡವಾದರೆ ಚಿಕ್ಕದಿರುವಾಗಲೇ ಒಂದನ್ನು ತೆಗೆದುಬಿಡಿ.

6. ಕಳೆ. ಈರುಳ್ಳಿಯ ಕೊಳವೆಯಂಥ ನೆಟ್ಟಗಿನ ಎಲೆ ನೆಲವನ್ನು ಕೊನೆಯವರೆಗೂ ಮುಚ್ಚುವುದಿಲ್ಲ. ಕಳೆಗೆ ಅದು ಮುಕ್ತ ಬಾಗಿಲು, ಆದ್ದರಿಂದಲೇ ಈರುಳ್ಳಿಗೆ ಕಳೆ ತೆಗೆಯುವ ಕೂಲಿ ಹೆಚ್ಚು. ಹುರುಳಿ, ಅಲಸಂದೆ ಬೇಗ ನೆಲ ಮುಚ್ಚಿ ಕಳೆಯನ್ನು ಅಡಗಿಸುತ್ತವೆ. ನೆಟ್ಟಗಿನ ಎಲೆಯ ಬೆಳೆ ಆರಿಸಿಕೊಂಡವರು ಮುಚ್ಚಿಗೆಗೋ ಎಡೆಕುಂಟೆಗೋ ಮೊದಲೇ ವ್ಯವಸ್ಥೆ ಮಾಡಿಕೊಳ್ಳಬೇಕು.

7. ಸಿಂಪಡಣೆ. ಮೆಕ್ಕೆಜೋಳದ ಎಳೆ ಎಲೆಗಳು ಒಂದನ್ನೊಂದು ಸುತ್ತಿಕೊಂಡು ನಡುವೆ ಸುಳಿ ಏರ್ಪಡುತ್ತದೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಭಾರತದಲ್ಲೇ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಅಡಗುವುದು ಈ ಸುಳಿಯಲ್ಲೇ. ಎಲೆಯ ಮೇಲೆ ಎಷ್ಟು ಎರಚಿದರೂ ಸುಳಿಯೊಳಗೆ ಇಳಿಯದ ಔಷಧ ವ್ಯರ್ಥ. ನಳಿಕೆಯನ್ನು ನೇರ ಸುಳಿಗೆ ಹಿಡಿಯಿರಿ. ಈರುಳ್ಳಿಯ ಮೇಣದ ಮೈಯ ಎಲೆಯಿಂದ ಹನಿ ಜಾರಿಬೀಳುತ್ತದೆ, ಅದಕ್ಕೆ ಅಂಟು ದ್ರಾವಣ ಸೇರಿಸಬೇಕು. ಬದನೆ, ಟೊಮೆಟೊದಂಥ ಹರಡುವ ಎಲೆಗೆ ಮೇಲಿನಿಂದ ಮಾತ್ರ ಹೊಡೆದರೆ ಎಲೆಯಡಿಯ ಬಿಳಿನೊಣ ಹಾಗೆಯೇ ಉಳಿಯುತ್ತದೆ.

8. ತೆಂಗಿನ ಎಲೆ ಮಾದರಿ. ತೆಂಗಿನ ಪೋಷಕಾಂಶ ಪರೀಕ್ಷೆಗೆ ಕೇಳುವುದು 14ನೆಯ ಗರಿಯ ಮಾದರಿ. ಪೂರ್ಣ ಬಿಚ್ಚಿದ ಎಳೆಯ ಗರಿಯನ್ನು ಒಂದು ಎಂದು ಎಣಿಸಿ. ಗರಿಯಿಂದ ಗರಿಗೆ ಸುಮಾರು 140 ಡಿಗ್ರಿ ತಿರುವು ಇರುವುದರಿಂದ ಐದು ಗರಿಗೆ ಹತ್ತಿರ ಹತ್ತಿರ ಎರಡು ಸುತ್ತು ಮುಗಿಯುತ್ತದೆ. ಒಂದರ ಕೆಳಗೆ ಸ್ವಲ್ಪ ಪಕ್ಕಕ್ಕೆ ಸರಿದು ಆರನೆಯದು, ಅದರ ಕೆಳಗೆ ಹನ್ನೊಂದನೆಯದು. ಅಲ್ಲಿಂದ ಮೂರು ಎಣಿಸಿದರೆ 14. ಕೆಲವು ಮರಗಳಲ್ಲಿ ಸುರುಳಿ ಎಡಕ್ಕೂ ಕೆಲವದರಲ್ಲಿ ಬಲಕ್ಕೂ ತಿರುಗುತ್ತದೆ. ಎಣಿಕೆ ಶುರು ಮಾಡುವ ಮುನ್ನ ಅದನ್ನು ಗಮನಿಸಿ.

ಎಲೆ ಬಾಗಿದಾಗ ಏನು ತಿಳಿಯಬೇಕು?

ಎಲೆಯ ಕೋನ ದಿನವಿಡೀ ಒಂದೇ ಇರುವುದಿಲ್ಲ. ಅವರೆ, ಅಲಸಂದೆ, ತೊಗರಿಯ ಎಲೆತೊಟ್ಟಿನ ಬುಡದಲ್ಲಿ ಉಬ್ಬಿದ ಒಂದು ಗಂಟು ಇರುತ್ತದೆ. ಅದರ ಒಂದು ಬದಿಯ ಕೋಶಗಳಿಗೆ ನೀರು ತುಂಬಿ, ಇನ್ನೊಂದು ಬದಿ ಖಾಲಿಯಾದಾಗ ಎಲೆ ತಿರುಗುತ್ತದೆ. ಮುಟ್ಟಿದರೆ ಮುನಿ ಮುದುಡುವುದೂ, ಹುಣಸೆ ಸಂಜೆಗೆ ಎಲೆ ಮಡಚುವುದೂ ಇದೇ ಕ್ರಮದಲ್ಲಿ. ಈ ಚಲನೆಯಲ್ಲಿ ಸಹಜವಾದದ್ದು ಯಾವುದು, ಸಂಕಟದ್ದು ಯಾವುದು ಎಂದು ಬೇರ್ಪಡಿಸಿ ನೋಡಬೇಕು.

- ಮಧ್ಯಾಹ್ನ ಬಾಗಿ ಸಂಜೆಗೆ ಎದ್ದರೆ: ಕುಂಬಳ, ಸೌತೆಯಲ್ಲಿ ಇದು ಸಾಮಾನ್ಯ. ಬೇರು ಕೊಡುವುದಕ್ಕಿಂತ ಎಲೆ ಕಳೆದುಕೊಳ್ಳುವ ನೀರು ಆ ಹೊತ್ತಿಗೆ ಹೆಚ್ಚು. ಗಾಬರಿ ಬೇಡ.
- ಬೆಳಿಗ್ಗೆಯೂ ಬಾಗಿದ್ದರೆ: ಎರಡು ಬೆರಳಿನಷ್ಟು ಮಣ್ಣು ಕೆದಕಿ ನೋಡಿ. ಒಣಗಿದ್ದರೆ ನೀರು ಕೊಡಿ.
- ಮಣ್ಣು ಹಸಿಯಿದ್ದೂ ಬಾಗಿದ್ದರೆ: ಬೇರಿಗೆ ಗಾಳಿ ಇಲ್ಲ, ಅಥವಾ ಕೊಳೆ, ಸೊರಗು ರೋಗ ತಗಲಿದೆ. ನೀರು ನಿಲ್ಲಿಸಿ, ಬಸಿಯುವ ದಾರಿ ಮಾಡಿ. ನೀರು ನಿಂತ ಟೊಮೆಟೊದಲ್ಲಿ ಎಲೆ ಬಾಡದಿದ್ದರೂ ತೊಟ್ಟು ಕೆಳಕ್ಕೆ ಬಾಗುತ್ತದೆ. ಎಥಿಲೀನ್ ಅನಿಲದ ಪರಿಣಾಮ ಅದು.
- ಮೆಕ್ಕೆಜೋಳ, ಜೋಳದ ಎಲೆ ಸುರುಳಿ ಸುತ್ತಿದರೆ: ನೀರು ಉಳಿಸಲು ಗಿಡ ತನ್ನ ಹರವು ಕಡಿಮೆ ಮಾಡಿಕೊಳ್ಳುತ್ತಿದೆ. ಬೆಳಗಿನ ಹೊತ್ತಿಗೇ ಸುರುಳಿ ಇದ್ದರೆ, ಅದರಲ್ಲೂ ಹೂಬಿಡುವ ಹಂತದಲ್ಲಿ, ನೀರು ತಡಮಾಡಬಾರದು.
- ಬಾಳೆ ಎಲೆಯ ಎರಡೂ ಪಕ್ಕ ನಡುದಂಟಿನಿಂದ ಕೆಳಕ್ಕೆ ಮಡಚಿದರೆ: ಬಿರುಬಿಸಿಲಿಗೆ ಸಹಜ ಪ್ರತಿಕ್ರಿಯೆ. ಸಂಜೆ ಬಿಚ್ಚಿಕೊಳ್ಳುತ್ತದೆ.
- ಭತ್ತದ ಎಲೆ ಉದ್ದವಾಗಿ, ಕಡುಹಸಿರಾಗಿ ಜೋತುಬಿದ್ದರೆ: ಯೂರಿಯಾ ಹೆಚ್ಚಾದ ಲಕ್ಷಣ. ಎಲೆಗಳು ಒಂದಕ್ಕೊಂದು ನೆರಳಾಗಿ ಪೈರಿನೊಳಗೆ ತೇವ ನಿಲ್ಲುತ್ತದೆ. ಬೆಂಕಿ ರೋಗ, ಕಂದು ಜಿಗಿಹುಳುವಿಗೆ ಅದು ಹೇಳಿಮಾಡಿಸಿದ ಪರಿಸ್ಥಿತಿ. ಮುಂದಿನ ಕಂತಿನ ಯೂರಿಯಾ ತಡೆಹಿಡಿಯಿರಿ. ಭತ್ತದ ಎಲೆಯನ್ನು ನೆಟ್ಟಗಿಡುವುದರಲ್ಲಿ ಸಿಲಿಕಾದ ಪಾತ್ರ ದೊಡ್ಡದು. ಹುಲ್ಲಿನಲ್ಲಿ ಅದು ಹೇರಳವಾಗಿರುವುದರಿಂದ ಹುಲ್ಲನ್ನು ಗದ್ದೆಗೇ ಹಿಂತಿರುಗಿಸುವುದು ಲಾಭಕರ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಮಾವಿನ ಹೊಸ ಚಿಗುರು ಜೋತಿದೆ ಎಂದು ನೀರು ಸುರಿಯುವುದು. ಮಾವು, ಅಶೋಕದ ಎಳೆ ಎಲೆಗಳು ಹುಟ್ಟಾ ಕೆಂಪಾಗಿ, ಜೋತು ಬಿದ್ದಿರುತ್ತವೆ. ಎಳೆ ಎಲೆಗೆ ಬಿಸಿಲಿನ ಹೊಡೆತ ಕಡಿಮೆಯಾಗಲು ಇರುವ ಏರ್ಪಾಡು ಇದು. ಬಲಿತಂತೆ ತಾವೇ ಏಳುತ್ತವೆ.

2. ಸಂಯುಕ್ತ ಎಲೆಯ ಎಲೆದಳವನ್ನು ಪೂರ್ಣ ಎಲೆ ಎಂದು ಎಣಿಸುವುದು. ಬೇವು, ನುಗ್ಗೆ, ಕರಿಬೇವಿನ ಸಣ್ಣ ದಳಗಳ ಬುಡದಲ್ಲಿ ಕಣ್ಣು ಇರುವುದಿಲ್ಲ. ಕಣ್ಣು ಇರುವುದು ಇಡೀ ಕಡ್ಡಿ ಕಾಂಡಕ್ಕೆ ಸೇರುವ ಜಾಗದಲ್ಲಿ. ಕರಿಬೇವು ಬಿಡಿಸುವಾಗ ದಳಗಳನ್ನಷ್ಟೇ ಸೆಳೆದರೆ ಕಡ್ಡಿ ಒಣಗುತ್ತದೆ, ಗಿಡ ಕವಲೊಡೆಯುವುದಿಲ್ಲ. ಕುಡಿಯ ತುದಿಯನ್ನೇ ಕತ್ತರಿಸಿಕೊಳ್ಳಿ.

3. ಕೊಂಬೆಯನ್ನು ಮಾತ್ರ ನೋಡಿ ಜೋಡಣೆ ತೀರ್ಮಾನಿಸುವುದು. ಕಾಫಿಯ ಅಡ್ಡ ರೆಂಬೆಗಳಲ್ಲಿ ತೊಟ್ಟು ತಿರುಚಿಕೊಂಡು ಎಲ್ಲ ಜೋಡಿಗಳೂ ಒಂದೇ ಮಟ್ಟಕ್ಕೆ ಬರುತ್ತವೆ. ನಿಜ ಜೋಡಣೆ ಕಾಣುವುದು ನೇರ ಏರುವ ಕಾಂಡದಲ್ಲಿ.

4. ಸೂರ್ಯಕಾಂತಿ ಬದುಕಿಡೀ ಸೂರ್ಯನತ್ತ ತಿರುಗುತ್ತದೆ ಎಂದು ನಂಬುವುದು. ಎಳೆಯದು ಪೂರ್ವದಿಂದ ಪಶ್ಚಿಮಕ್ಕೆ ತಿರುಗುತ್ತದೆ. ಹೂ ಅರಳಿ ಬಲಿತ ಮೇಲೆ ಪೂರ್ವಕ್ಕೇ ನಿಲ್ಲುತ್ತದೆ. ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾದ ಹೂವಿಗೆ ಜೇನ್ನೊಣ ಹೆಚ್ಚು ಬರುತ್ತವೆ. ಹಾಗಾಗಿ ಹೂ ಬಿಟ್ಟ ಹೊಲದಲ್ಲಿ ಬೆಳಿಗ್ಗೆ ಕೀಟನಾಶಕ ಹೊಡೆಯಬಾರದು.

5. ಕೆಳಗಿನ ಎಲೆಗಳನ್ನೆಲ್ಲ ಒಮ್ಮೆಗೇ ಕಿತ್ತುಹಾಕುವುದು. ಹಳದಿಯಾದ, ನೆಲಕ್ಕೆ ತಾಗುವ ಎಲೆ ತೆಗೆಯುವುದು ಸರಿ. ಹಸಿರಾಗಿ ದುಡಿಯುತ್ತಿರುವ ಎಲೆ ತೆಗೆದರೆ ಬೇರಿಗೆ ಹೋಗುವ ಆಹಾರಕ್ಕೆ ಕತ್ತರಿ.

ಎಚ್ಚರಿಕೆ

- ಇಳಿಜಾರು ಹೊಲದಲ್ಲಿ ಬೆಳಕಿನ ಲೆಕ್ಕ ಹಿಡಿದು ಸಾಲನ್ನು ಉತ್ತರ–ದಕ್ಷಿಣಕ್ಕೆ ಎಳೆಯಬೇಡಿ. ಅಲ್ಲಿ ಮಣ್ಣು ಉಳಿಸುವುದು ಮೊದಲು. ಇಳಿಜಾರಿಗೆ ಅಡ್ಡಲಾಗಿ, ಬದುವಿಗೆ ಸಮನಾಗಿ ಬಿತ್ತಿ.
- ಕಣಗಿಲೆಯ ಪ್ರತಿ ಭಾಗವೂ ವಿಷ. ಎಕ್ಕದ ಹಾಲು ಕಣ್ಣಿಗೆ ಅಪಾಯಕಾರಿ. ಸವರುವಾಗ ಕೈಗವಸು ಹಾಕಿ, ಮಕ್ಕಳು ಮತ್ತು ಜಾನುವಾರು ಹತ್ತಿರ ಬಾರದಂತೆ ನೋಡಿಕೊಳ್ಳಿ, ಕತ್ತರಿಸಿದ್ದನ್ನು ಸುಡಬೇಡಿ.
- ಎಲೆ ಮುದುಡುವುದರ ಜೊತೆಗೆ ಹಳದಿ ಮಚ್ಚೆ, ಗಿಡ ಕುಗ್ಗುವಿಕೆ ಕಂಡರೆ ಅದು ಬಿಸಿಲಿನದ್ದಲ್ಲ. ಬಿಳಿನೊಣ ಹರಡುವ ಎಲೆ ಮುದುಡು ನಂಜುರೋಗ ಇರಬಹುದು. ಅಂಥ ಗಿಡವನ್ನು ಕಿತ್ತು ದೂರ ಹೂಳಿ.
- ಅಂತರ ಕಡಿಮೆ ಮಾಡುವ ಪ್ರಯೋಗವನ್ನು ಇಡೀ ಹೊಲದಲ್ಲಿ ಮಾಡಬೇಡಿ. ಗಿಡ ಹೆಚ್ಚಾದಂತೆ ನೀರು, ಗೊಬ್ಬರದ ಬೇಡಿಕೆಯೂ ಹೆಚ್ಚುತ್ತದೆ. ಮಳೆಯಾಶ್ರಿತ ಹೊಲದಲ್ಲಿ ಎಲೆ ಎಷ್ಟೇ ನೆಟ್ಟಗಿದ್ದರೂ ತೇವಾಂಶವೇ ಮಿತಿ.

ಬರುವ ಮುಂಗಾರಿಗೆ ನಾಲ್ಕು ಸಾಲು ಮೀಸಲಿಡಿ. ಎರಡನ್ನು ನೀವು ರೂಢಿಯಲ್ಲಿ ಬಿಡುವ ಅಂತರಕ್ಕೆ, ಇನ್ನೆರಡನ್ನು ಎಲೆಯ ಕೋನ ನೋಡಿ ಬದಲಿಸಿದ ಅಂತರಕ್ಕೆ ಬಿತ್ತಿ. ಹದಿನೈದು ದಿನಕ್ಕೊಮ್ಮೆ ಕೋಲಿಟ್ಟು ಬಿಸಿಲು ಅಳೆಯಿರಿ, ಕೊಯ್ಲಿನಲ್ಲಿ ಎರಡರ ತೂಕವನ್ನೂ ಬೇರೆ ಬೇರೆ ಬರೆದಿಡಿ. ಆ ಪಟ್ಟಿಯೊಡನೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋದರೆ, ನಿಮ್ಮ ಮಣ್ಣಿಗೆ ಮತ್ತು ನಿಮ್ಮ ತಳಿಗೆ ಒಪ್ಪುವ ಸಲಹೆ ಕೇಳಿ ಪಡೆಯಬಹುದು.